ಏಳು ಮಂದಿ ಹೌದೆಂದು, ಐವರು ಅಲ್ಲವೆಂದಾಗ

ಪುಣೆಯ ಹಿಂಜೆವಾಡಿಯಲ್ಲಿ ನಾನು ಕೆಲಸ ಮಾಡುವುದು ಹಣ ಪಾವತಿಯ ಸಾಫ್ಟ್‌ವೇರ್ ಮೇಲೆ. ಯಾವ ವ್ಯವಹಾರ ಸಾಚಾ, ಯಾವುದು ಮೋಸ ಎಂದು ಕಂಪ್ಯೂಟರೇ ಊಹಿಸಿ, ಅನುಮಾನ ಬಂದ ಖಾತೆಯನ್ನು ತಡೆಹಿಡಿಯುವ ಒಂದು ಭಾಗವಿದೆ. ಅದು ನಮ್ಮ ತಂಡದ್ದು. ಅನುಮಾನಕ್ಕೆ ಸೊನ್ನೆಯಿಂದ ಒಂದರವರೆಗೆ ಅಂಕ ಬೀಳುತ್ತದೆ. ಎಷ್ಟು ಅಂಕ ದಾಟಿದರೆ ಖಾತೆ ನಿಲ್ಲಿಸಬೇಕು ಎಂಬ ಗಡಿ ಇಡುವವರು ನಾವು. ಎರಡು ವರ್ಷದ ಹಿಂದೆ ಆ ಗಡಿಯನ್ನು ಕೊಂಚ ಇಳಿಸಿದ್ದು ನಾನೇ. ಇಳಿಸಿದ ವಾರ ಮೋಸ ಹಿಡಿದ ಲೆಕ್ಕ ಚೆನ್ನಾಗಿ ಏರಿತು, ಆಫೀಸಿನಲ್ಲಿ ಕೇಕ್ ಕೂಡ ಕತ್ತರಿಸಿದರು. ಆಮೇಲೊಂದು ದಿನ ದೂರುಗಳ ಪಟ್ಟಿ ನೋಡುವಾಗ ಹಣ್ಣಿನ ವ್ಯಾಪಾರಿಯೊಬ್ಬನ ಖಾತೆ ಒಂಬತ್ತು ದಿನ ನಿಂತಿದ್ದು ಕಣ್ಣಿಗೆ ಬಿತ್ತು. ಅವನು ಮಾಡಿದ ತಪ್ಪೆಂದರೆ ಗಣೇಶನ ಹಬ್ಬದ ವಾರ ಮಾಮೂಲಿಗಿಂತ ಹೆಚ್ಚು ಹಣ್ಣು ಮಾರಿದ್ದು. ಮೀಟಿಂಗಿನಲ್ಲಿ ಈ ವಿಷಯ ಎತ್ತಿದೆ. ಇಂಥವು ಆಗುತ್ತಲೇ ಇರುತ್ತವೆ, ಪ್ರಮಾಣ ಮಿತಿಯೊಳಗೇ ಇದೆ ಎಂದು ಎಲ್ಲರೂ ಸಮಾಧಾನ ಹೇಳಿದರು. ಹೇಳಿದ್ದು ಸುಳ್ಳಲ್ಲ. ಮಿತಿಯೊಳಗೇ ಇತ್ತು.

ನನಗಿಂತ ಮುಂಚೆ ಇಂಥ ಗಡಿಯ ಬಗ್ಗೆ ಯಾರು ತಲೆ ಕೆಡಿಸಿಕೊಂಡಿದ್ದರು ಎಂದು ಹುಡುಕುತ್ತಾ ಹೋದಾಗ ಸಿಕ್ಕಿದವನು ಹಳೇ ಪರಿಚಯಸ್ಥ. ಎಂಜಿನಿಯರಿಂಗ್ ಗಣಿತ ಓದಿದವರಿಗೆಲ್ಲ ಪಾಯ್ಸನ್ ಡಿಸ್ಟ್ರಿಬ್ಯೂಷನ್ ಗೊತ್ತು. ಹಾಸ್ಟೆಲಿನಲ್ಲಿ ಆ ಹೆಸರನ್ನು ವಿಷ ಎಂಬರ್ಥ ಬರುವ ಹಾಗೇ ಉಚ್ಚರಿಸಿ, ಪರೀಕ್ಷೆಗೆ ಮುಂಚೆ ಅದರ ಮೇಲೆ ಜೋಕು ಮಾಡುತ್ತಿದ್ದೆವು. ಫ್ರೆಂಚರ ಬಾಯಲ್ಲಿ ಅದು ಪ್ವಾಸೋಂ, ಅರ್ಥ ಮೀನು. ಬಾಯಿಗೆ ಹತ್ತಿದ್ದು ಬಿಡದು, ಇಲ್ಲಿಯೂ ಪಾಯ್ಸನ್ ಎಂದೇ ಬರೆಯುತ್ತೇನೆ. ಒಂದು ನಿಮಿಷಕ್ಕೆ ಸರ್ವರ್‌ಗೆ ಎಷ್ಟು ಕರೆ ಬರಬಹುದು ಎಂಬ ಅಂದಾಜಿಗೆ ಇವನ ಸೂತ್ರವನ್ನು ಹತ್ತು ವರ್ಷದಿಂದ ಬಳಸುತ್ತಿದ್ದೇನೆ. ಅದು ಇರುವ ಪುಸ್ತಕ ಕೋರ್ಟಿನ ತೀರ್ಪುಗಳ ಕುರಿತದ್ದು ಎಂದು ನನಗೆ ಯಾವ ಮೇಷ್ಟರೂ ಹೇಳಿರಲಿಲ್ಲ.

ಸಿಮಿಯೋಂ ಡೆನಿ ಪಾಯ್ಸನ್ ಹುಟ್ಟಿದ್ದು 1781ರ ಜೂನ್ 21ರಂದು, ಪ್ಯಾರಿಸ್ಸಿನ ದಕ್ಷಿಣಕ್ಕಿರುವ ಪಿತಿವಿಯೇ ಎಂಬ ಸಣ್ಣ ಊರಿನಲ್ಲಿ. ಅಪ್ಪ ಸೈನ್ಯದಲ್ಲಿ ಸಾಮಾನ್ಯ ಸಿಪಾಯಿಯಾಗಿದ್ದು, ಬಿಟ್ಟುಬಂದ ಮೇಲೆ ಸಣ್ಣದೊಂದು ಸರ್ಕಾರಿ ಹುದ್ದೆ ಹಿಡಿದವನು. ಮೊದಲು ಹುಟ್ಟಿದ ಮಕ್ಕಳು ಉಳಿದಿರಲಿಲ್ಲ, ಇವನೂ ಬಡಕಲು. ಹಾಗಾಗಿ ಸಾಕಲು ಹಳ್ಳಿಯ ದಾದಿಯೊಬ್ಬಳಿಗೆ ಒಪ್ಪಿಸಿದ್ದರು. ಒಮ್ಮೆ ಅಪ್ಪ ನೋಡಲು ಹೋದರೆ ದಾದಿ ಮನೆಯಲ್ಲಿಲ್ಲ. ನೆಲದ ಕೊಳಕಿಗೂ ಪ್ರಾಣಿಗಳಿಗೂ ಸಿಗದಿರಲೆಂದು ಮಗುವನ್ನು ಹಗ್ಗ ಕಟ್ಟಿ ಗೋಡೆಯ ಮೊಳೆಗೆ ತೂಗುಹಾಕಿ ಹೊಲಕ್ಕೆ ಹೋಗಿದ್ದಳಂತೆ. ಲೋಲಕದ ಗಣಿತ ತನಗೆ ಅಂದಿನಿಂದಲೇ ಶುರುವಾಯಿತು ಎಂದು ದೊಡ್ಡವನಾದ ಮೇಲೆ ಪಾಯ್ಸನ್ ತಮಾಷೆ ಮಾಡುತ್ತಿದ್ದನಂತೆ. ಗೆಳೆಯ ಅರಾಗೋ ಬರೆದಿಟ್ಟ ಕಥೆಯಿದು, ಎಷ್ಟು ಬೇಕೋ ಅಷ್ಟು ನಂಬಬಹುದು.

ಹುಡುಗನನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂದಾಗ ಅಪ್ಪ ಅವನನ್ನು ಫೋಂಟೆನ್‌ಬ್ಲೋ ಊರಿನಲ್ಲಿದ್ದ ಬಂಧುವೊಬ್ಬನ ಬಳಿ ಶಸ್ತ್ರವೈದ್ಯ ಕಲಿಯಲು ಕಳಿಸಿದ. ಆಗಿನ ಶಸ್ತ್ರವೈದ್ಯವೆಂದರೆ ರಕ್ತ ತೆಗೆಯುವುದು, ಬೊಕ್ಕೆ ಏಳಿಸುವ ಪಟ್ಟಿ ಹಾಕುವುದು. ಕೋಸಿನ ಎಲೆಯ ನರಗಳಿಗೆ ಚುಚ್ಚಿ ಕೈ ಪಳಗಿಸಿಕೊಳ್ಳಬೇಕು. ಇವನ ಕೈ ನಡುಗುತ್ತಿತ್ತು, ಸೂಜಿ ನರಕ್ಕೆ ತಾಗುತ್ತಲೇ ಇರಲಿಲ್ಲ. ಕೊನೆಗೊಂದು ದಿನ ಒಬ್ಬನೇ ಹೋಗಿ ರೋಗಿಯೊಬ್ಬರಿಗೆ ಪಟ್ಟಿ ಹಾಕಿ ಬಂದ. ಕೆಲವೇ ಗಂಟೆಗಳಲ್ಲಿ ರೋಗಿ ತೀರಿಕೊಂಡರು. ಊರಿನ ವೈದ್ಯರೆಲ್ಲ ಬಂದು, ಇದು ಈ ವೃತ್ತಿಯಲ್ಲಿ ಆಗುವಂಥದ್ದೇ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಹುಡುಗನ ಬೆನ್ನು ತಟ್ಟಿದರು. ಹುಡುಗ ಆ ವೃತ್ತಿಯನ್ನೇ ಬಿಟ್ಟು ಮನೆಗೆ ಬಂದ.

ಈ ಸಾಲು ಓದಿದಾಗ ನಾನು ಲ್ಯಾಪ್‌ಟಾಪ್ ಮುಚ್ಚಿ ಬಾಲ್ಕನಿಗೆ ಹೋಗಿ ನಿಂತಿದ್ದೆ.

ಮುಂದಿನದು ಸಲೀಸಾದ ಏರುದಾರಿ. 1796ರಲ್ಲಿ ಫೋಂಟೆನ್‌ಬ್ಲೋದ ಹೊಸ ಶಾಲೆಗೆ ಸೇರಿದ, ಅಲ್ಲಿನ ಗಣಿತದ ಮೇಷ್ಟರಿಗೆ ಹುಡುಗ ಏನೆಂದು ಬೇಗ ಗೊತ್ತಾಯಿತು. 1798ರಲ್ಲಿ ಪ್ಯಾರಿಸ್ಸಿನ ಎಕೋಲ್ ಪಾಲಿಟೆಕ್ನಿಕ್‌ಗೆ ಮೊದಲ ಸ್ಥಾನದಲ್ಲಿ ಪ್ರವೇಶ. ಲಗ್ರಾಂಜ್, ಲಾಪ್ಲಾಸ್ ಇಬ್ಬರೂ ಇವನನ್ನು ಮೆಚ್ಚಿಕೊಂಡರು. ಚಿತ್ರ ಬರೆಯಬೇಕಾದ ವಿಷಯದಲ್ಲಿ ಮಾತ್ರ ಅದೇ ಹಳೇ ಕೈ ಅಡ್ಡ ಬಂತು, ರೇಖೆ ನೆಟ್ಟಗೆ ಬೀಳುತ್ತಿರಲಿಲ್ಲ. 1800ರಲ್ಲಿ ಓದು ಮುಗಿಯುತ್ತಲೇ ಅಲ್ಲೇ ಪಾಠ ಹೇಳುವ ಕೆಲಸ ಸಿಕ್ಕಿತು. ನೆಪೋಲಿಯನ್ ಫೂರಿಯೇಯನ್ನು ಗ್ರೆನೋಬಲ್‌ಗೆ ಆಡಳಿತ ನೋಡಿಕೊಳ್ಳಲು ಕಳಿಸಿದ್ದರಿಂದ ಖಾಲಿಯಾದ ಪ್ರಾಧ್ಯಾಪಕ ಹುದ್ದೆಗೆ 1806ರಲ್ಲಿ ಬಂದ. 1812ರಲ್ಲಿ ವಿಜ್ಞಾನ ಅಕಾಡೆಮಿಯ ಸದಸ್ಯ. 1817ರಲ್ಲಿ ಮದುವೆ, ನಾಲ್ಕು ಮಕ್ಕಳು. 1825ರಲ್ಲಿ ಬ್ಯಾರನ್ ಪದವಿ ಕೊಟ್ಟರು, ಅದನ್ನು ಹೆಸರಿನ ಮುಂದೆ ಹಾಕಿಕೊಳ್ಳಲೇ ಇಲ್ಲ. ಕ್ರಾಂತಿ, ಚಕ್ರವರ್ತಿ, ಮರಳಿ ಬಂದ ಅರಸರು, 1830ರಲ್ಲಿ ಮತ್ತೊಬ್ಬ ಅರಸ ಎಲ್ಲವನ್ನೂ ದಾಟಿದ. ಸರ್ಕಾರ ಬದಲಾದರೂ ಹುದ್ದೆ ಹೋಗಲಿಲ್ಲ. ಬರೆದ ಪ್ರಬಂಧಗಳು ಮುನ್ನೂರಕ್ಕೂ ಹೆಚ್ಚು.

ಈ ಅವಧಿಯಲ್ಲಿ ಅವನು ಮಾಡುತ್ತಿದ್ದ ಇನ್ನೊಂದು ಕೆಲಸ ತೀರ್ಪು ಕೊಡುವುದು. ಪಾಲಿಟೆಕ್ನಿಕ್‌ನಲ್ಲಿ ಪರೀಕ್ಷಕ, ಅಕಾಡೆಮಿಯಲ್ಲಿ ಬಂದ ಪ್ರಬಂಧಗಳ ವಿಮರ್ಶಕ. 1818ರಲ್ಲಿ ಫ್ರೆನೆಲ್ ಎಂಬ ಯುವ ಎಂಜಿನಿಯರ್ ಬೆಳಕು ಅಲೆಯೆಂದು ವಾದಿಸಿ ಅಕಾಡೆಮಿಯ ಬಹುಮಾನಕ್ಕೆ ಪ್ರಬಂಧ ಕಳಿಸಿದ. ತೀರ್ಪುಗಾರರಲ್ಲಿ ಪಾಯ್ಸನ್ನೂ ಒಬ್ಬ, ಬೆಳಕು ಕಣವೆಂದು ನಂಬಿದ್ದವನು. ಫ್ರೆನೆಲ್ಲನ ಗಣಿತವನ್ನೇ ಹಿಡಿದು ಲೆಕ್ಕ ಹಾಕಿ, ಇದು ನಿಜವಾದರೆ ದುಂಡನೆಯ ತಟ್ಟೆಯ ನೆರಳಿನ ನಟ್ಟನಡುವೆ ಒಂದು ಬೆಳಕಿನ ಚುಕ್ಕೆ ಕಾಣಬೇಕು, ಅದು ಹಾಸ್ಯಾಸ್ಪದ ಎಂದ. ಅರಾಗೋ ಪ್ರಯೋಗ ಮಾಡಿ ನೋಡಿದ. ನಡುವೆ ಚುಕ್ಕೆ ಇತ್ತು. ಫ್ರೆನೆಲ್ಲನಿಗೆ ಬಹುಮಾನ ಬಂತು. ಆ ಚುಕ್ಕೆಯನ್ನು ಭೌತಶಾಸ್ತ್ರದವರು ಇವತ್ತಿಗೂ ಪಾಯ್ಸನ್ ಚುಕ್ಕೆ ಎಂದೇ ಕರೆಯುತ್ತಾರೆ. ಇಲ್ಲವೆಂದು ಸಾಧಿಸಲು ಹೋದವನ ಹೆಸರು ಇದೆ ಎಂದದ್ದಕ್ಕೆ ಅಂಟಿಕೊಂಡಿತು.

ಅದು ನಗುವ ಕಥೆ. ಎರಡನೆಯದು ಹಾಗಲ್ಲ. ಎವರಿಸ್ಟ್ ಗಾಲ್ವಾ ಎಂಬ ಹುಡುಗ ಸಮೀಕರಣಗಳ ಬಗ್ಗೆ ಬರೆದ ಪ್ರಬಂಧ ಅಕಾಡೆಮಿಯಲ್ಲಿ ಎರಡು ಸಲ ಕೈಬಿಟ್ಟು ಹೋಗಿತ್ತು. ಮತ್ತೆ ಬರೆದು ಕೊಡು ಎಂದು ಹುರಿದುಂಬಿಸಿದವನು ಪಾಯ್ಸನ್ನೇ. 1831ರ ಜನವರಿಯಲ್ಲಿ ಕೊಟ್ಟ. ಈ ನಡುವೆ ಅರಸನ ಜೀವಕ್ಕೆ ಬೆದರಿಕೆ ಹಾಕಿದ ಆರೋಪದ ಮೇಲೆ ಜೂನ್‌ನಲ್ಲಿ ಗಾಲ್ವಾನ ವಿಚಾರಣೆ ನಡೆಯಿತು. ಪ್ಯಾರಿಸ್ಸಿನ ಜ್ಯೂರಿ ಅವನನ್ನು ಬಿಟ್ಟುಬಿಟ್ಟಿತು. ಜುಲೈನಲ್ಲಿ ಪಾಯ್ಸನ್ ವರದಿ ಕೊಟ್ಟ: ವಾದ ಸ್ಪಷ್ಟವಾಗಿಲ್ಲ, ಸರಿಯೋ ತಪ್ಪೋ ಹೇಳಲಾಗದು, ಪೂರ್ತಿಯಾಗಿ ಬರೆದು ಪ್ರಕಟಿಸಲಿ ಎಂಬರ್ಥದ್ದು. ಅದು ಗಾಲ್ವಾನ ಕೈಗೆ ಸಿಗುವ ಹೊತ್ತಿಗೆ ಅವನು ಬೇರೆ ಆರೋಪದ ಮೇಲೆ ಸೆರೆಮನೆಯಲ್ಲಿದ್ದ. ಮರುವರ್ಷ ಮೇ ತಿಂಗಳ ಕೊನೆಗೆ ದ್ವಂದ್ವಯುದ್ಧದಲ್ಲಿ ಗುಂಡು ತಗುಲಿ ಸತ್ತಾಗ ಅವನಿಗೆ 20 ವರ್ಷ. ಆ ಪ್ರಬಂಧ ಅಚ್ಚಾದದ್ದು 1846ರಲ್ಲಿ. ಇಂದು ಅಂಗಡಿಗಳ ಗಲ್ಲಾ ಪಕ್ಕ ಅಂಟಿಸಿರುವ ಕ್ಯೂಆರ್ ಕೋಡು ಕೊಂಚ ಕೆರೆದು ಹೋಗಿದ್ದರೂ ಮೊಬೈಲು ಓದಿಬಿಡುತ್ತದಲ್ಲ, ಆ ತಪ್ಪು ತಿದ್ದುವ ಗಣಿತ ಗಾಲ್ವಾನ ಹೆಸರಿನದ್ದೇ. ಪಾಯ್ಸನ್ ಕೆಟ್ಟ ತೀರ್ಪುಗಾರ ಎನ್ನಲು ನನಗೆ ಮನಸ್ಸಿಲ್ಲ. ಆ ಪ್ರಬಂಧ ನಿಜಕ್ಕೂ ಬಿಕ್ಕಟ್ಟಿನದ್ದು. ಆರು ತಿಂಗಳು ಹಿಡಿದ, ಓದಿದ, ಅರ್ಥವಾಗಲಿಲ್ಲ ಎಂದು ಪ್ರಾಮಾಣಿಕವಾಗಿ ಬರೆದ. ಪ್ರಾಮಾಣಿಕನಾದ, ಸಮರ್ಥನಾದ ತೀರ್ಪುಗಾರನೂ ಎಷ್ಟು ಸಲ ತಪ್ಪುತ್ತಾನೆ ಎಂಬುದೇ ಮುಂದೆ ಅವನು ಕೈಗೆತ್ತಿಕೊಂಡ ಪ್ರಶ್ನೆ. ಈ ಎರಡಕ್ಕೂ ಸಂಬಂಧ ಇತ್ತೆಂದು ನಾನು ಹೇಳಲಾರೆ. ಅಕ್ಕಪಕ್ಕ ಇಟ್ಟು ನೋಡದೆ ಇರಲೂ ಆಗುವುದಿಲ್ಲ.

ಪ್ರಶ್ನೆ ಹೊಸದಲ್ಲ. 1785ರಲ್ಲೇ ಕೊಂಡೊರ್ಸೆ ಇದಕ್ಕೆ ಗಣಿತ ಹಚ್ಚಿದ್ದ. ಒಬ್ಬೊಬ್ಬ ನ್ಯಾಯಾಧೀಶನೂ ತಪ್ಪುವುದಕ್ಕಿಂತ ಸರಿ ಹೇಳುವುದೇ ಹೆಚ್ಚಾದರೆ, ತಲೆ ಹೆಚ್ಚಿದಷ್ಟೂ ಬಹುಮತ ಸರಿಯಾಗುತ್ತ ಹೋಗುತ್ತದೆ ಎಂದು ತೋರಿಸಿದ್ದ. ಪಾಪ, ಅವನೇ ಕ್ರಾಂತಿಯ ಕಾಲದಲ್ಲಿ ತಲೆಮರೆಸಿಕೊಂಡು ಸಿಕ್ಕಿಬಿದ್ದು 1794ರಲ್ಲಿ ಸೆರೆಯಲ್ಲಿ ಸತ್ತ. ಆಮೇಲೆ ಲಾಪ್ಲಾಸನೂ ಲೆಕ್ಕ ಹಾಕಿದ. ಆದರೆ ಒಬ್ಬ ನ್ಯಾಯಾಧೀಶ ನೂರಕ್ಕೆ ಎಷ್ಟು ಸಲ ಸರಿ ಹೇಳುತ್ತಾನೆ ಎಂಬುದನ್ನು ಇಬ್ಬರೂ ಊಹಿಸಿಕೊಂಡೇ ಹೊರಟವರು. ಅಳೆಯಲು ಅವರ ಬಳಿ ಏನೂ ಇರಲಿಲ್ಲ.

ಪಾಯ್ಸನ್‌ಗೆ ಸಿಕ್ಕಿತು. ಫ್ರಾನ್ಸಿನ ನ್ಯಾಯ ಮಂತ್ರಾಲಯ 1827ರಿಂದ ಪ್ರತಿವರ್ಷ ಅಪರಾಧ ಮೊಕದ್ದಮೆಗಳ ಅಂಕಿಅಂಶದ ದೊಡ್ಡ ಸಂಪುಟ ಹೊರತರತೊಡಗಿತು. ಎಷ್ಟು ಆರೋಪಿಗಳು, ಯಾವ ಅಪರಾಧ, ಎಷ್ಟು ಮಂದಿಗೆ ಶಿಕ್ಷೆ, ಎಷ್ಟು ಮಂದಿ ಖುಲಾಸೆ, ಎಲ್ಲ ಇದೆ. ಗಂಭೀರ ಅಪರಾಧಗಳ ವಿಚಾರಣೆ 12 ಜನರ ಜ್ಯೂರಿಯೆದುರು ನಡೆಯುತ್ತಿತ್ತು. 1830ರವರೆಗೆ 7 ಮಂದಿ ಹೌದೆಂದರೆ ಸಾಕು, ಆರೋಪಿ ಅಪರಾಧಿ. ಬರೀ 7-5 ಬಂದಾಗ ಮಾತ್ರ ನ್ಯಾಯಾಧೀಶರೂ ಕೂಡಿ ಯೋಚಿಸಬೇಕಿತ್ತು. 1825ರಿಂದ 1830ರವರೆಗಿನ ಆರು ವರ್ಷದಲ್ಲಿ ಸುಮಾರು 42 ಸಾವಿರ ಆರೋಪಿಗಳು, ಅದರಲ್ಲಿ ನೂರಕ್ಕೆ 61 ಮಂದಿಗೆ ಶಿಕ್ಷೆ. ವರ್ಷ ವರ್ಷವೂ ಜನ ಬೇರೆ, ಜ್ಯೂರಿ ಬೇರೆ, ಊರು ಬೇರೆ. ಆದರೂ ಈ ಅಂಕಿ ಹೆಚ್ಚುಕಡಿಮೆ ಅಲುಗಾಡಲಿಲ್ಲ. ಬಿಡಿಬಿಡಿಯಾಗಿ ಅಂಕೆಗೆ ಸಿಗದ ಸಂಗತಿಗಳು ರಾಶಿಯಾದಾಗ ಸ್ಥಿರವಾಗುವ ಈ ಗುಣಕ್ಕೆ ಪಾಯ್ಸನ್ ಕೊಟ್ಟ ಹೆಸರು ದೊಡ್ಡ ಸಂಖ್ಯೆಗಳ ನಿಯಮ. ಡೇಟಾ ಸೈನ್ಸ್ ತರಗತಿಯಲ್ಲಿ ಮೊದಲ ವಾರ ಹೇಳಿಕೊಡುವ ಆ ಹೆಸರೂ ಜ್ಯೂರಿ ಕುರಿತ ಇದೇ ಕೆಲಸದ ನಡುವೆ ಹುಟ್ಟಿದ್ದು.

1831ರಲ್ಲಿ ಕಾನೂನು ಬದಲಾಯಿತು. ಇನ್ನು ಮೇಲೆ ಶಿಕ್ಷೆಗೆ ಕನಿಷ್ಠ 8 ಮತ ಬೇಕು. ಆ ವರ್ಷ ಶಿಕ್ಷೆಯ ಪ್ರಮಾಣ ನೂರಕ್ಕೆ 54ಕ್ಕೆ ಇಳಿಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದೊಂದು ಎ/ಬಿ ಟೆಸ್ಟ್, ಸರ್ಕಾರವೇ ತನಗರಿವಿಲ್ಲದೆ ಮಾಡಿಕೊಟ್ಟದ್ದು. 61ಕ್ಕೂ 54ಕ್ಕೂ ನಡುವಿನ 7 ಮಂದಿ ಯಾರು? ಸರಿಯಾಗಿ 7-5ರಲ್ಲಿ ಶಿಕ್ಷೆಗೆ ಒಳಗಾಗುತ್ತಿದ್ದವರು. ಪಾಯ್ಸನ್‌ಗೆ ಎರಡು ವಿಷಯ ತಿಳಿಯಬೇಕಿತ್ತು: ಒಬ್ಬ ಜ್ಯೂರಿ ಸದಸ್ಯ ಎಷ್ಟರಮಟ್ಟಿಗೆ ಸರಿ, ಕಟಕಟೆಗೆ ಬಂದವರಲ್ಲಿ ನಿಜಕ್ಕೂ ಶಿಕ್ಷೆಗೆ ಅರ್ಹರು ಎಷ್ಟು. ಈಗ ಎರಡು ಸಮೀಕರಣಗಳೂ ಸಿಕ್ಕವು. ಆ ಒಂದು ವರ್ಷವೇ ಅಷ್ಟು ಶುದ್ಧವಾದ ಅವಕಾಶ. 1832ರಲ್ಲಿ ಜ್ಯೂರಿಗೆ ಶಿಕ್ಷೆ ತಗ್ಗಿಸುವ ಅಧಿಕಾರ ಸಿಕ್ಕಿತು. ತಲೆ ಹೋಗುವುದಿಲ್ಲ ಎಂದು ಗೊತ್ತಾದ ಮೇಲೆ ಹೌದೆನ್ನಲು ಜನ ಅಷ್ಟು ಹಿಂಜರಿಯಲಿಲ್ಲ, ಶಿಕ್ಷೆಯ ಪ್ರಮಾಣ ಮತ್ತೆ ಏರಿತು.

ಉತ್ತರ ಹೀಗೆ ಬಂತು. ಕೊಲೆ, ಹಲ್ಲೆಯಂಥ ದೇಹದ ಮೇಲಿನ ಅಪರಾಧಗಳಲ್ಲಿ ಒಬ್ಬ ಜ್ಯೂರಿ ಸದಸ್ಯ ಸರಿ ಹೇಳುವುದು ನೂರಕ್ಕೆ ಸುಮಾರು 68 ಸಲ, ಕಳವಿನಂಥ ಆಸ್ತಿಯ ಅಪರಾಧಗಳಲ್ಲಿ ಸುಮಾರು 78 ಸಲ. ಶಿಕ್ಷೆಗೆ ಅರ್ಹರಾದ ಆರೋಪಿಗಳು ಮೊದಲನೆಯದರಲ್ಲಿ ನೂರಕ್ಕೆ 54, ಎರಡನೆಯದರಲ್ಲಿ 67. ಕೊಲೆ ಮೊಕದ್ದಮೆಗಿಂತ ಕಳವಿನ ಮೊಕದ್ದಮೆಯಲ್ಲಿ ಜ್ಯೂರಿ ಹೆಚ್ಚು ನೆಟ್ಟಗೆ ನೋಡುತ್ತದೆ ಎಂಬುದು ನನಗೆ ಅನಿರೀಕ್ಷಿತವಾಗಿತ್ತು.

ಒಂದು ಭಾನುವಾರ ಕೂತು ಅವನ ಸಂಖ್ಯೆಗಳನ್ನೇ ಹಾಕಿ ನಾನೂ ಹತ್ತು ಸಾಲಿನ ಕೋಡ್ ಬರೆದೆ. ದೇಹದ ಮೇಲಿನ ಅಪರಾಧಗಳಲ್ಲಿ 7 ಮತದ ನಿಯಮವಿದ್ದರೆ, ಶಿಕ್ಷೆಯಾದ ಪ್ರತಿ ನೂರರಲ್ಲಿ ಐದಕ್ಕಿಂತ ತುಸು ಹೆಚ್ಚು ಮಂದಿ ಶಿಕ್ಷೆಗೆ ಅರ್ಹರಲ್ಲದವರು. 8 ಮತ ಮಾಡಿದರೆ ಅದು ಎರಡರ ಹತ್ತಿರಕ್ಕೆ ಇಳಿಯುತ್ತದೆ. ಬೆಲೆಯೂ ಇದೆ. 7ರ ನಿಯಮದಲ್ಲಿ ಅರ್ಹರಾದ ನೂರರಲ್ಲಿ 15 ಮಂದಿ ತಪ್ಪಿಸಿಕೊಂಡರೆ, 8ರಲ್ಲಿ 33 ಮಂದಿ. ಒಂದೇ ಒಂದು ಮತದ ಆಚೀಚೆ. ನನ್ನ ಕೆಲಸದ ಸ್ಕ್ರೀನಿನಲ್ಲಿ ದಿನಾ ನೋಡುವ ವಕ್ರರೇಖೆ ಇದೇ, ಬರೀ ಖಾತೆಯ ಜಾಗದಲ್ಲಿ ತಲೆಗಳು.

ಪಾಯ್ಸನ್ ಇಲ್ಲಿ ಒಂದು ಎಚ್ಚರ ವಹಿಸಿದ. ಅದನ್ನು ಓದಿಯೇ ಅವನ ಮೇಲೆ ನನಗೆ ಗೌರವ ಹೆಚ್ಚಿದ್ದು. ತಾನು ಎಣಿಸುತ್ತಿರುವುದು ನಿಜವಾದ ಅಪರಾಧಿಗಳನ್ನಲ್ಲ ಎಂದು ಅವನು ಸ್ಪಷ್ಟಪಡಿಸುತ್ತಾನೆ. ಯಾರು ಕೊಂದರು ಎಂಬುದು ಅಂಕಿಅಂಶದ ಪುಸ್ತಕದಲ್ಲಿ ಇರುವುದಿಲ್ಲ. ಆ ಕಾಲದ ಜನ ಶಿಕ್ಷಿಸಲು ಸಾಕೆನ್ನುವಷ್ಟು ಸಾಕ್ಷ್ಯ ಯಾರ ಮೇಲೆ ಇದೆಯೋ ಅವರನ್ನಷ್ಟೇ ಅವನು ಶಿಕ್ಷಾರ್ಹ ಎಂದು ಕರೆದ. ನಮ್ಮಲ್ಲಿ ಎಷ್ಟೋ ಮಂದಿ ಇವತ್ತಿಗೂ ಈ ವ್ಯತ್ಯಾಸ ಮಾಡುವುದಿಲ್ಲ. ಮೋಸ ಎಂದು ಗುರುತು ಬಿದ್ದದ್ದನ್ನೇ ಮೋಸ ಎಂದುಕೊಂಡು ಅದರಿಂದಲೇ ಯಂತ್ರಕ್ಕೆ ಪಾಠ ಹೇಳುತ್ತೇವೆ.

ಇಷ್ಟರಲ್ಲಿ ಕಾನೂನು ಮತ್ತೆ ಹಿಂದಕ್ಕೆ ಹೋಗಿತ್ತು. 1835ರ ಜುಲೈ 28ರಂದು ಫಿಯೆಸ್ಕಿ ಎಂಬವನು ಅರಸ ಲೂಯಿ ಫಿಲಿಪ್‌ನ ಮೆರವಣಿಗೆಯ ಮೇಲೆ ಸಾಲು ಬಂದೂಕುಗಳ ಯಂತ್ರದಿಂದ ಗುಂಡು ಹಾರಿಸಿದ. ಅರಸ ಉಳಿದ, ಸುತ್ತಲಿದ್ದವರು ಸತ್ತರು. ಸೆಪ್ಟೆಂಬರ್‌ನಲ್ಲೇ ಸರ್ಕಾರ ಜ್ಯೂರಿಯ ಗಡಿಯನ್ನು 8ರಿಂದ 7ಕ್ಕೆ ಇಳಿಸಿತು. ಹೆದರಿದಾಗ ಗಡಿ ಇಳಿಸುವುದು ಹಳೇ ಚಾಳಿ. ಆ ವರ್ಷದ ಕೊನೆಗೆ ಪಾಯ್ಸನ್ ತನ್ನ ಲೆಕ್ಕವನ್ನು ಅಕಾಡೆಮಿಯಲ್ಲಿ ಓದಿದ, 1837ರಲ್ಲಿ ಪುಸ್ತಕ ಬಂತು.

ಅಕಾಡೆಮಿಯಲ್ಲಿ ಮೆಚ್ಚುಗೆಗಿಂತ ಜಗಳವೇ ಹೆಚ್ಚಾಯಿತು. ಪ್ವಾಂಸೋ, ಡ್ಯುಪ್ಯಾಂ ಎಂಬ ಸಹೋದ್ಯೋಗಿಗಳು 1836ರಲ್ಲಿ ಎದ್ದುನಿಂತು, ಮನುಷ್ಯನ ವಿವೇಕಕ್ಕೆ ಗಣಿತ ಹಚ್ಚುವುದೇ ಅಪಾಯ ಎಂದರು. ಇಂಗ್ಲೆಂಡಿನ ಮಿಲ್ ಮುಂದೆ ಇಂಥ ಪ್ರಯತ್ನಗಳನ್ನು ಗಣಿತಕ್ಕೆ ಕಳಂಕವೆಂದೇ ಬರೆದ. ವಿವೇಕವನ್ನು ಎಣಿಸಬಾರದು ಎಂಬ ವಾದ ನನಗೆ ಹಿಡಿಸುವುದಿಲ್ಲ. ಎಣಿಸದಿದ್ದರೆ ತಪ್ಪು ಕಡಿಮೆಯಾಗುವುದಿಲ್ಲ, ಕಾಣುವುದಿಲ್ಲ ಅಷ್ಟೆ. ಆದರೆ ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಒಬ್ಬರ ಅಭಿಪ್ರಾಯಕ್ಕೂ ಇನ್ನೊಬ್ಬರದಕ್ಕೂ ಸಂಬಂಧವಿಲ್ಲ ಎಂಬುದು ಪಾಯ್ಸನ್‌ನ ಲೆಕ್ಕದ ಬುಡ. ಹನ್ನೆರಡೂ ಮಂದಿ ಕೂರುವುದು ಒಂದೇ ಕೋಣೆಯಲ್ಲಿ, ಕೇಳುವುದು ಅದೇ ಸಾಕ್ಷಿಯನ್ನು, ಅದೇ ವಕೀಲನನ್ನು. ಸಾಕ್ಷಿ ಸುಳ್ಳು ಹೇಳಿದರೆ ಹನ್ನೆರಡೂ ಮಂದಿ ಒಟ್ಟಿಗೇ ಮೋಸ ಹೋಗುತ್ತಾರೆ. ಹನ್ನೆರಡು ಸರ್ವರ್ ಇಟ್ಟು ಎಲ್ಲವನ್ನೂ ಒಂದೇ ಕರೆಂಟ್ ಲೈನಿಗೆ ಕಟ್ಟಿ ನಿಶ್ಚಿಂತೆಯಿಂದ ಮಲಗಿದ ಹಾಗೆ. ಹಾಗಾಗಿ ಮೇಲೆ ನಾನು ಕೊಟ್ಟ ಐದು, ಎರಡು ಎಂಬ ಅಂಕಿಗಳನ್ನು ಅಕ್ಷರಶಃ ನಂಬಬಾರದು. ನಿಜ ಅದಕ್ಕಿಂತ ಕೆಟ್ಟದ್ದೂ ಇದ್ದೀತು.

ನಾನಿರುವ ಮಹಾರಾಷ್ಟ್ರದಲ್ಲಿ ಜ್ಯೂರಿ ಎಂದರೆ ಹಿರಿಯರಿಗೆ ನೆನಪಾಗುವುದು ನಾನಾವತಿ ಮೊಕದ್ದಮೆ. 1959ರಲ್ಲಿ ಮುಂಬೈನ ಜ್ಯೂರಿ 8-1ರಲ್ಲಿ ಆತ ನಿರ್ದೋಷಿ ಎಂದಿತು, ಹೈಕೋರ್ಟ್ ಅದನ್ನು ತಳ್ಳಿಹಾಕಿತು. ಈಗ ನಮ್ಮಲ್ಲಿ ಜ್ಯೂರಿಯಿಲ್ಲ. ಎಣಿಕೆ ಮಾತ್ರ ಇದೆ. ಗಡಿನಾಡು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಗಳ ಮೊಕದ್ದಮೆಯಲ್ಲಿ 13 ನ್ಯಾಯಮೂರ್ತಿಗಳು ಕೂತಿದ್ದರು. 1973ರ ಏಪ್ರಿಲ್ 24ರಂದು ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸುವಂತಿಲ್ಲ ಎಂಬ ತೀರ್ಪು ನಿಂತದ್ದು 7-6ರ ಮೇಲೆ. ಅಲ್ಲೂ ಒಂದೇ ತಲೆ.

ಪುಸ್ತಕ ಬಂದ ವರ್ಷವೇ ಪಾಯ್ಸನ್‌ನನ್ನು ಫ್ರಾನ್ಸಿನ ಮೇಲ್ಮನೆಗೆ ನೇಮಿಸಿದರು. 1840ರ ಏಪ್ರಿಲ್ 25ರಂದು ಪ್ಯಾರಿಸ್ ಹತ್ತಿರದ ಸೋ ಎಂಬಲ್ಲಿ ತೀರಿಕೊಂಡ, 58 ವರ್ಷ. ಐಫೆಲ್ ಗೋಪುರದ ಮೇಲೆ ಕೆತ್ತಿರುವ 72 ಹೆಸರುಗಳಲ್ಲಿ ಅವನದೂ ಒಂದು. ಜ್ಯೂರಿಯ ಲೆಕ್ಕ ಮಾತ್ರ ಮೂಲೆ ಸೇರಿತು. ಅದೇ ಪುಸ್ತಕದ ನಡುವೆ, ಯಾವ ಉದಾಹರಣೆಯೂ ಇಲ್ಲದೆ, ಒಂದೆರಡು ಪುಟದಲ್ಲಿ ಹಾದುಹೋಗುವ ಸಣ್ಣ ಸೂತ್ರವನ್ನು ಅರವತ್ತು ವರ್ಷ ಹೆಚ್ಚಿನವರು ಗಮನಿಸಲಿಲ್ಲ. 1898ರಲ್ಲಿ ಬೋರ್ಟ್‌ಕೀವಿಚ್ ಎಂಬವನು ಪ್ರಷ್ಯಾದ ಸೈನ್ಯದಲ್ಲಿ ಕುದುರೆ ಒದ್ದು ಸತ್ತವರ ಲೆಕ್ಕಕ್ಕೆ ಅದು ಸರಿಹೊಂದುವುದನ್ನು ತೋರಿಸಿದ. 1909ರಲ್ಲಿ ಕೋಪನ್‌ಹೇಗನ್ನಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ಬರುವ ಕರೆಗಳಿಗೆ ಎರ್ಲಾಂಗ್ ಹಚ್ಚಿದ. ಅಲ್ಲಿಂದ ನಮ್ಮ ಸರ್ವರುಗಳಿಗೆ ಬಂತು.

ನಮ್ಮ ಗಡಿಯನ್ನು ಕಳೆದ ವರ್ಷ ಸ್ವಲ್ಪ ಮೇಲಕ್ಕೆ ಎತ್ತಿದೆವು. ಸುಲಭವಾಗಿ ಒಪ್ಪಲಿಲ್ಲ, ಮೂರು ಮೀಟಿಂಗ್ ಆಯಿತು. ಮೋಸ ಹಿಡಿದ ಲೆಕ್ಕ ಇಳಿಯಿತು, ಆ ಇಳಿಕೆಗೆ ಪ್ರತಿ ತಿಂಗಳೂ ನಾನೇ ಉತ್ತರ ಕೊಡಬೇಕು. ಸೋಮವಾರದ ವರದಿಯಲ್ಲಿ ಶೇಕಡಾವಾರಿನ ಪಕ್ಕ ಇನ್ನೊಂದು ಕಾಲಂ ಸೇರಿಸಿದ್ದೇನೆ: ತಪ್ಪಾಗಿ ನಿಂತ ಖಾತೆಗಳು ಯಾವ ಕಸುಬಿನವರವು, ಎಷ್ಟು ದಿನ ನಿಂತವು. ಈ ವಾರದ್ದರಲ್ಲಿ ಇಬ್ಬರು ಹೂವಿನವರಿದ್ದರು.